ಹೊಸ ಫೋನಿನ ಲಾಕು

ಕೊಟ್ಟೂರಿನ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ನುಗ್ಗಿ, ಸೋಮಶೇಖರ ಕೌಂಟರಿನ ಮೇಲೆ ಫೋನು ಕುಕ್ಕಿದ. ಅವನ ಅಂಗಿಯ ತೋಳಿಗೆ ರಕ್ತ ಮೆತ್ತಿತ್ತು.

"ರೋಜಾ, ಜೈಲ್‌ಬ್ರೇಕ್ ಮಾಡು. ಲಾಕ್ ಮುರೀಬೇಕು."

ಫೋನು ಅವನ ಹೆಂಡತಿ ಗೀತಾಂಜಲಿಯದು, ಹೊಚ್ಚಹೊಸದು. ಇವನು ಹೊಡೆಯುವುದನ್ನೆಲ್ಲ ಅವಳು ಅದರಲ್ಲಿ ವಿಡಿಯೋ ಮಾಡಿದ್ದಳು, ಸ್ಟೇಷನ್ನಿಗೆ ಕೊಡುತ್ತೇನೆಂದು ನನಗೂ ಹೇಳಿದ್ದಳು. ಅದನ್ನು ಅಳಿಸಲೆಂದೇ ಈ ಪುಣ್ಯಾತ್ಮ ಬಂದಿದ್ದ.

"ಆಗಂಗಿಲ್ಲಣ್ಣ. ಹಳೇ ಫೋನಿನ ಚಿಪ್ಪಿನಾಗ ಒಂದು ಸಂದಿ ಇತ್ತು, ಹೊಸಾವ್ರಾಗ ಮುಚ್ಯಾರ."

"ಹೋದ ವರ್ಷ ನಂದು ಮಾಡಿಕೊಟ್ಟಿದ್ದಿ!"

"ಅದು ಹಳೇದು. ಲಾಕ್ ನೀನ ತಗದು ಕೊಟ್ಟಿದ್ದಿ."

ಕೆನ್ನೆಗೆ ಬಿತ್ತು ಏಟು. ನಾಲಿಗೆ ಕಚ್ಚಿಕೊಂಡು ಬಾಯಿ ತುಂಬ ರಕ್ತ. ಥೂ ಎಂದು ಅವನ ಕಾಲ ಮೇಲೆಯೇ ಉಗುಳಿದೆ. ಅವನು ಸೊಂಟದ ಚೀಲದಿಂದ ಮೈಲಾರಲಿಂಗನ ಭಂಡಾರ ತೆಗೆದು ನನ್ನ ಅಂಗೈಗೆ ಸುರಿದ. ಕುರಿ ಸಾಕುವ ಅವರ ಮನೆತನದಲ್ಲಿ ಆ ಅರಿಶಿನ ಹಿಡಿದು ಆಡಿದ ಮಾತನ್ನು ಯಾರೂ ಅನುಮಾನಿಸುವುದಿಲ್ಲ.

"ಆಣಿ ಮಾಡಿ ಹೇಳು."

"ಭಂಡಾರದಾಣಿ, ಇದನ್ನ ಮುರಿಯಾಕ ಬರಂಗಿಲ್ಲ. ಅಕಿ ನಂಬರ್ ಒತ್ತಬೇಕು, ಇಲ್ಲಾ ಅಕಿ ಮುಖ ತೋರಿಸ್ಬೇಕು."

ನನ್ನ ಬಾಯಿಗೆ ಮಣ್ಣು ಹಾಕ! ಆಣೆಯ ಭರದಲ್ಲಿ ಮುಖದ ಸಂಗತಿಯನ್ನೂ ಒದರಿಬಿಟ್ಟಿದ್ದೆ. ಅವನು ಫೋನು ಅಲ್ಲೇ ಬಿಟ್ಟು ಓಡಿದ. ಅವನ ಮನೆ ನಮ್ಮ ಓಣಿಯಲ್ಲೇ. ನಾನು ಪೊಲೀಸರಿಗೆ ಫೋನ್ ಹಚ್ಚುವಷ್ಟರಲ್ಲಿ ಗೀತಾಂಜಲಿಯನ್ನು ಜಡೆ ಹಿಡಿದು ಎಳೆತಂದ.

ನಂಬರ್ ಹೇಳೆಂದು ಮೊದಲೇ ಬಡಿದಿದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು, ತುಟಿ ಸೀಳಿತ್ತು, ಕೆನ್ನೆ ಊದಿ ಮೂಗೇ ಕಾಣುತ್ತಿರಲಿಲ್ಲ. ಕತ್ತು ಅದುಮಿ ಫೋನಿನೆದುರು ಹಿಡಿದ. ಫೋನು ಗುರ್ರೆಂದು ನಂಬರ್ ಕೇಳಿತು. ಮತ್ತೆ ಹಿಡಿದ, ಮತ್ತೆ ಅದೇ.

"ಯಾಕ ತಗೀವಲ್ದು?"

"ನೀನು ಅಕಿ ಮುಖಾನ ಉಳಿಸಿಲ್ಲಲ್ಲೋ ಹಲ್ಕಟ್! ಅದಕ್ಕ ಗುರ್ತ ಸಿಗವಲ್ದು!"

ಅವನು ಮೇಜಿನ ಮೇಲಿದ್ದ ನನ್ನ ಸುತ್ತಿಗೆ ಎತ್ತಿಕೊಂಡು ಅವಳ ತಲೆಗೆ ಬೀಸಹೋದ. ಬೆಸುಗೆ ಹಾಕಲು ಕಾಯಿಸಿಟ್ಟಿದ್ದ ಸೋಲ್ಡರಿಂಗ್ ಕಡ್ಡಿಯನ್ನು ಅವನ ಮಣಿಕಟ್ಟಿಗೆ ಒತ್ತಿಬಿಟ್ಟೆ. ಚರ್ಮ ಚುರ್ ಎಂದಿತು. ಸುತ್ತಿಗೆ ಬಿತ್ತು, ಅರಚುತ್ತ ಅವನೂ ಬಿದ್ದ. ಎದೆಯ ಮೇಲೆ ಮಂಡಿಯೂರಿ, ಕಡ್ಡಿಯನ್ನು ಅವನ ಕಣ್ಣಿನ ಹತ್ತಿರ ಹಿಡಿದು ಕುಳಿತೆ. ನನಗೆ ಒಂಚೂರೂ ಪಾಪ ಅನ್ನಿಸಲಿಲ್ಲ.

"ಅಲುಗಾಡಿದ್ರ ನೋಡು."

ಗೀತಾಂಜಲಿ ಫೋನೆತ್ತಿಕೊಂಡು ನಂಬರ್ ಒತ್ತಿದಳು. ತೆರೆಯಿತು. ಕ್ಯಾಮೆರಾವನ್ನು ತನ್ನ ಕಡೆಗೇ ತಿರುಗಿಸಿಕೊಂಡು ವಿಡಿಯೋ ಒತ್ತಿದಳು.

"ನಾನು ಗೀತಾಂಜಲಿ," ಎಂದಳು. "ಇದು ನನ್ನ ಮುಖ. ನನ್ನ ಗಂಡ ಇದನ್ನ ಹಿಂಗ ಮಾಡ್ಯಾನ."