ಹೊರಕಡಿ

ಹೆಣ್ಣುಮಕ್ಕಳ ವಾರ್ಡಿನ ಮಂಚದಿಂದ ಇಳಿದು ಬೀರವ್ವ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು.

“ಗರ್ಭಚೀಲ ತಗಿಸ್ಕೊಳ್ಳಾಕ ನಾ ಬಂದಿಲ್ಲ. ಹಲ್ಲು ಬಿದ್ದ ಮುದುಕಿಗಿ ಎಲ್ಲಿ ಮುಟ್ಟೋ, ಭಾಡ್ಯಾ?”

ಮಗ ಸಿದ್ರಾಮ ತಲೆ ತಗ್ಗಿಸಿದ. ಅಕ್ಕಲಕೋಟೆ ಕಡೆಯ ಕುರಿಹಟ್ಟಿಯಿಂದ ಅವಳನ್ನು ಸೊಲ್ಲಾಪುರದ ಆಸ್ಪತ್ರೆಗೆ ತಂದವನು ಅವನೇ. ಮಿಲ್ಲಿನಲ್ಲಿ ದುಡಿದು ಮರಾಠಿ ಕಲಿತಿದ್ದ. ‘ಹೊರಕಡಿಗಿ ಕುಂತಾಗ ರಕ್ತ ಬೀಳತೈತಿ’ ಎಂದು ಅವಳು ಹೇಳಿದ್ದನ್ನು, ಮಲದ ಮಾತಾಡಲು ನಾಚಿ, ಡಾಕ್ಟರರಿಗೆ ಹೊರಗೆ ಎಂಬರ್ಥದ ‘ಬಾಹೇರ’ ಎಂದಷ್ಟೇ ಹೇಳಿದ್ದ. ಮರಾಠಿಯಲ್ಲಿ ಹೆಂಗಸು ‘ಬಾಹೇರ’ ಕೂತಳೆಂದರೆ ಮುಟ್ಟಾದಳೆಂದು ಅರ್ಥ. ಗರ್ಭಕೋಶದ ಒಳಗೆ ಕೆರೆದು ನೋಡಿ ಏನೂ ಸಿಗದಿದ್ದರೂ ಅವರು ಅದನ್ನು ತೆಗೆಯಲು ದಿನ ಗೊತ್ತುಮಾಡಿದ್ದರು.

ರೌಂಡಿಗೆ ಬಂದ ಡಾಕ್ಟರು ಗದರಿದರು. ಬೀರವ್ವ ಮಂಚದ ಕೆಳಗಿನ ಮಲದ ಪಾತ್ರೆಯನ್ನು ಎಳೆದು ಅವರ ಬೂಟಿನ ಮುಂದಿಟ್ಟಳು.

“ಬಘಾ!”

ನೋಡಿ ಎಂಬ ಆ ಒಂದು ಮಾತಷ್ಟೇ ಅವಳಿಗೆ ಬರುತ್ತಿದ್ದ ಮರಾಠಿ.

ಡಾಕ್ಟರು ಬಗ್ಗಿ ನೋಡಿದರು; ಮಲದಲ್ಲಿ ರಕ್ತವಿತ್ತು. ಆಮೇಲೆ ಹಿಂದಿನಿಂದ ನಳಿಗೆ ಹಾಕಿ ಪರೀಕ್ಷಿಸಿದರು. ಮೂಲವ್ಯಾಧಿ ಇರಲಿಲ್ಲ. ಕರುಳಿಗೆ ಬಿಳಿ ಮದ್ದು ಏರಿಸಿ ಎಕ್ಸ್‌ರೇ ತೆಗೆಸಿದರು. ಗಡ್ಡೆ ಕಾಣಲಿಲ್ಲ, ರಕ್ತವೂ ನಿಲ್ಲಲಿಲ್ಲ. ದೊಡ್ಡಕರುಳಿನ ಗೋಡೆಯಲ್ಲಿ ರಕ್ತನಾಳಗಳೇ ಕೆಟ್ಟು ಒಸರುತ್ತಿರಬಹುದು, ಅದು ಫೋಟೋದಲ್ಲಿ ಸಿಗುವಂಥದ್ದಲ್ಲ, ಹೊಟ್ಟೆ ತೆರೆದೇ ಹುಡುಕಬೇಕು ಎಂದರು. ಈ ಸಲ ಸಿದ್ರಾಮ ಒಂದು ಮಾತನ್ನೂ ನುಂಗದೆ ಕನ್ನಡಕ್ಕೆ ತಂದ.

“ಹುಡುಕಿದ್ರೂ ಸಿಗಲಿಲ್ಲಂದ್ರ?”

“ಹಂಗ ಹೊಲದು ಕಳಸ್ತಾರಂತ. ಜೀವಕ್ಕೂ ಗ್ಯಾರಂಟಿ ಇಲ್ಲಂತ. ಬ್ಯಾಡ ಬೇ ಯವ್ವಾ, ಮನಿಗಿ ಹೋಗೂಣು. ಬೀರಪ್ಪನ ಭಂಡಾರ ಹಚ್ಚಿ...”

“ಹಚ್ಚಿ ಹಚ್ಚಿ ಹಣಿ ಹಳದಿ ಆಗೈತಿ, ಕೆಳಗ ಕೆಂಪ ನಿಂತಿಲ್ಲ. ಕುರಿ ಕರುಳು ಕೈಯಾರೆ ತೊಳದಾಕಿ ನಾ, ನನಗ್ಯಾತರ ಅಂಜಿಕಿ? ಕೊಯ್ಯಂತ ಹೇಳವಗ. ಸತ್ರ ನಾ ಸಾಯ್ತೀನಿ, ನೀ ಯಾಕ ಈಗ ಅಳತಿ?”

ಸಿದ್ರಾಮ ಹೇಳಿದ. ಡಾಕ್ಟರು ಮುದುಕಿಯ ಮುಖವನ್ನು ಮೊದಲ ಸಲ ನೋಡಿದರು.

ಆಪರೇಶನ್ ಮುಗಿದು, ಜ್ವರ ಇಳಿದು, ಮಲ ಹಳದಿಗೆ ತಿರುಗಿದ ಮೇಲೆ ಅವರು ಒಂದು ಗಾಜಿನ ಬಾಟಲಿ ತಂದು ಕಿಟಕಿಗೆ ಹಿಡಿದರು. ನೀರಿನಲ್ಲಿ ತೇಲುತ್ತಿದ್ದ ಕರುಳಿನ ತುಂಡಿನೊಳಗೆ ಕೆಂಪು ರಕ್ತನಾಳಗಳು ಕಿತ್ತ ಗರಿಕೆಯ ಬೇರಿನಂತೆ ಹೆಣೆದುಕೊಂಡಿದ್ದವು. ಸಿದ್ರಾಮ ಮುಖ ತಿರುಗಿಸಿದ. ಬೀರವ್ವ ಹೊಲಿಗೆಯ ಮೇಲೆ ಒಂದು ಕೈ ಒತ್ತಿ, ಇನ್ನೊಂದು ಮೊಣಕೈ ಊರಿ, ನರ್ಸಿನ ಗದರಿಕೆ ಕೇಳಿಸದವಳಂತೆ ಎದ್ದಳು.

“ಇನ್ನೊಂದೀಟು ಇತ್ತಾಗ ಹಿಡೀರಿ.”

ಯಾರೂ ಮರಾಠಿಗೆ ತರಲಿಲ್ಲ. ಡಾಕ್ಟರು ಬಾಟಲಿಯನ್ನು ಅವಳ ಕಡೆಗೆ ಹೊರಳಿಸಿದರು.