ಉಳಿವೆಪ್ಪನ ಮುಖ

"ಯಾವ ರಂಡಿ ಇಟ್ಟಾಳಲೇ ಇದನ್ನ ಇಲ್ಲಿ?"

ಸಾಹುಕಾರ ಬೂಟುಗಾಲಿನಿಂದ ತಾಟನ್ನು ಒದ್ದ. ಅನ್ನ ಚೆಲ್ಲಿತು. ಬೀಡಿಕಟ್ಟು ಉರುಳಿ ಸಿಮೆಂಟಿನ ಹಿಮಚಿರತೆಯ ಹೊಟ್ಟೆಯ ಕೆಳಗೆ ಹೋಯಿತು.

ಕುಕ್ಕರಗಾಲಿನಲ್ಲಿ ಕುಳಿತಿದ್ದ ಮುದುಕಿ ವೀರವ್ವ ಮೊಣಕಾಲು ಹಿಡಿದುಕೊಂಡು ಎದ್ದಳು.

"ನಾನ್ರೀ ಯಪ್ಪಾ. ನನ್ನ ಮಗಗ ಎಡಿ ಇಟ್ಟೇನಿ. ಹಳ್ಳ ಬಂದು ಅವನ್ನ ಹುಗದ ಕುಣಿ ಮುಳಗೇತ್ರಿ. ಅಲ್ಲಿಗೆ ಹೋಗಾಕ ಬರವಲ್ದು. ಇಲ್ಲೆ ಅದಾನಲ್ಲ ಅಂತ ಬಂದ್ನಿ."

ಅವಳು ತೋರಿಸಿದ ಕಡೆ, ಹಣೆಗೆ ಪಟ್ಟಿ ಕಟ್ಟಿ ಬೆನ್ನ ಮೇಲೆ ಹೊರೆ ಹೊತ್ತ ಒಬ್ಬ ಹಮಾಲನ ಬೊಂಬೆ ಬಿಳಿಯ ಇಳಿಜಾರಿನಲ್ಲಿ ನಿಂತಿತ್ತು. ಹಣೆಗೆ ಈಗ ವಿಭೂತಿಯಿತ್ತು, ಹೆಗಲ ಮೇಲೆ ಚೆಂಡುಹೂವು.

ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ರಸ್ತೆಯ ಪಕ್ಕ, ಕಬ್ಬಿನ ಹೊಲ ಕೆಡಿಸಿ ಸಾಹುಕಾರ ಹಿಮಾಲಯ ಕಟ್ಟಿಸುತ್ತಿದ್ದ. ಶಾಲೆಯ ಹುಡುಗರು ಬಸ್ಸು ಮಾಡಿಕೊಂಡು ನೋಡಲು ಬರುವರೆಂದು ಅವನ ಲೆಕ್ಕ. ಕಬ್ಬಿಣದ ಸರಳು, ಜಾಲರಿ, ಮೇಲೆ ಬಿಳಿ ಸಿಮೆಂಟು. ಚಮರೀಮೃಗ, ಕರಡಿ, ಕಸ್ತೂರಿಮೃಗ. ಕುರಿ ಕಾಯುವವರು, ಹೊರೆ ಹೊರುವವರು. ತುದಿಯಲ್ಲಿ ಕೈಲಾಸ, ಅದರ ಮೇಲೊಂದು ಲಿಂಗ. ಕೆಲಸಕ್ಕೆ ಬಂದ ಕೇರಿಯವರಾರೂ ಹಿಮ ನೋಡಿದವರಲ್ಲ. ಚಮರೀಮೃಗವನ್ನು ಅವರು ಕಂಬಳಿ ಎಮ್ಮಿ ಎಂದು ಕರೆಯುತ್ತಿದ್ದರು.

ಮನುಷ್ಯರ ಬೊಂಬೆಗಳನ್ನು ಸವಣೂರಿನ ಗಾರೆ ಕೆಲಸದ ಗೌಂಡಿ ಸಿರಾಜುದ್ದೀನ ಕೆಲಸಗಾರರ ಮೈಮೇಲೇ ಅಚ್ಚು ತೆಗೆದು ಮಾಡಿದ್ದ. ವೀರವ್ವನ ಮಗ ಉಳಿವೆಪ್ಪನನ್ನು ಅಂಗಾತ ಮಲಗಿಸಿ, ಮುಖಕ್ಕೆ ಕೊಬ್ಬರಿ ಎಣ್ಣೆ ಸವರಿ, ಮೂಗಿನ ಹೊರಳೆಗಳಿಗೆ ಪಪ್ಪಾಯಿ ಎಲೆಯ ದಂಟು ಸಿಕ್ಕಿಸಿ, ಮೇಲೆ ಪಿಒಪಿಯ ಪ್ಲಾಸ್ಟರು ಕಲಸಿ ಸುರಿದಿದ್ದ. ದಂಟು ಅಲುಗದಂತೆ ಹಿಡಿದು ಕುಳಿತವಳು ಉಳಿವೆಪ್ಪನ ಹೆಂಡತಿ ಅನ್ನವ್ವ. ಅವನ ಉಸಿರು ಅವಳ ಬೆರಳಿಗೆ ಬಿಸಿಯಾಗಿ ತಾಗುತ್ತಿತ್ತು. ಅಚ್ಚು ಬಿಚ್ಚಿದ ಮೇಲೆ ಅವನು ಕೆಮ್ಮುತ್ತ, "ಸತ್ತು ಹುಟ್ಟಿ ಬಂದಂಗಾತಲೇ" ಎಂದಿದ್ದ.

ಆಮೇಲೆ ಕೈಲಾಸದ ತುದಿಗೆ ಬಿಳಿ ಬಣ್ಣ ಹಚ್ಚುವಾಗ ಉಳಿವೆಪ್ಪ ಸಾರವೆಯಿಂದ ಜಾರಿ ಬಿದ್ದ. ಹುಬ್ಬಳ್ಳಿಗೆ ಒಯ್ಯುವ ದಾರಿಯಲ್ಲೇ ಮುಗಿಯಿತು. ಕೇಸು ಬೇಡ, ಅನ್ನವ್ವನಿಗೆ ಗೇಟಿನಲ್ಲಿ ಕಸ ಹೊಡೆಯುವ ಕಾಯಂ ಕೆಲಸ ಕೊಡುತ್ತೇನೆ ಎಂದು ಸಾಹುಕಾರ ಕೇರಿಗೆ ಬಂದು ಹೇಳಿಹೋದ. ಮನೆಯಲ್ಲಿ ಉಳಿದದ್ದು ಆಧಾರ ಕಾರ್ಡಿನ ಫೋಟೋ ಒಂದೇ. ಅದರಲ್ಲಿ ಉಳಿವೆಪ್ಪ ಯಾರೋ ಹಿಡಿದು ತಂದ ಕಳ್ಳನಂತೆ ಕಾಣುತ್ತಿದ್ದ.

ಪೂಜೆಯ ಜಾಗ ನೋಡಲು ಬಂದಿದ್ದ ಅಯ್ಯನವರು ಧೋತರ ಎತ್ತಿ ಹಿಡಿದು ದೂರವೇ ನಿಂತಿದ್ದರು.

"ಕೈಲಾಸದ ಬುಡಕ್ಕ ಸತ್ತವನ ಎಡಿ! ಅದೂ ಇವರದು. ಸಾವ್ಕಾರ್ರ, ಈ ಬೊಂಬಿ ಮಾರಿ ಇಲ್ಲಿ ಇದ್ರ ನಾ ಮ್ಯಾಲ ಲಿಂಗಕ್ಕ ನೀರು ಹಾಕಾಂವಲ್ಲ. ಇವತ್ತು ಮುದುಕಿ ಬಂದಾಳ, ನಾಳೆ ಇಡೀ ಕೇರಿನ ಬರತೈತಿ."

"ಏ ಸಾಬಾ! ಬಾ ಇಲ್ಲೆ," ಸಾಹುಕಾರ ಕೂಗಿದ.

ಸಿರಾಜುದ್ದೀನ ಬಂದ.

"ಇವನ ಮಾರಿ ಕೆತ್ತಿ ಹಾಕು. ಮೊದಲ ನೋಡಿದ್ರ ಕಣ್ಣು ಮುಚ್ಚಿ ಮಲಗಿದಾಂವ ಇದ್ದಂಗ ಅದಾನ. ಮುಂಡಗೋಡದಾಗ ಟಿಬೇಟದ ಮಂದಿ ನೋಡಿಯಿಲ್ಲ? ಹಂಗ ಮಾಡು. ಸಣ್ಣ ಕಣ್ಣು, ಚಪ್ಪಟಿ ಮೂಗು. ಗುಡ್ಡದ ಮಂದಿ ಗುಡ್ಡದವರಂಗ ಕಾಣಬೇಕು."

"ಮುಖ ಕೆತ್ತೂದು ಬ್ಯಾಡ್ರಿ ಸಾವ್ಕಾರ್ರ. ಬೊಂಬಿ ಕಿತ್ತು ಕೊಟ್ಟುಬಿಡ್ರಿ, ಅವರು ಒಯ್ತಾರ."

"ನಿಮ್ಮಪ್ಪನ ಸಿಮೆಂಟೇನು?"

ಸಿರಾಜುದ್ದೀನ ಚಾಣ, ಸುತ್ತಿಗೆ ತೆಗೆದುಕೊಂಡು ಸಾರವೆಯ ಹಲಗೆ ಹತ್ತಿದ. ಇವತ್ತು ಅವನ ಕೈಕೆಳಗೆ ಸಿಮೆಂಟಿನ ಮಾಲು ಕಲಸುವವಳು ಅನ್ನವ್ವನೇ.

"ನೀ ಆ ಕಡೆ ಹೋಗ ಅನ್ನವ್ವಾ," ಎಂದ ಅವನು, ಅವಳತ್ತ ನೋಡದೆ.

ಅನ್ನವ್ವ ಹೋಗಲಿಲ್ಲ. ಮೊದಲ ಪೆಟ್ಟಿಗೆ ಎಡಹುಬ್ಬು ಹಾರಿತು. ಆಮೇಲೆ ಕೆನ್ನೆ. ಒಳಗಿನ ತುಕ್ಕು ಹಿಡಿದ ಜಾಲರಿ ಕಂಡಿತು. ಬಿಳಿ ಪುಡಿ ಅವಳ ಸೆರಗಿನ ಮೇಲೆ ಬಿದ್ದಿತು. ಅವಳು ಝಾಡಿಸಲಿಲ್ಲ. ಎದೆಯೊಳಗೆ ಏನಾದರೂ ಆಗುತ್ತದೆಂದು ಕಾದಳು. ಏನೂ ಆಗಲಿಲ್ಲ. ಬಿಸಿಲಿತ್ತು, ಬಾಯಿ ಒಣಗಿತ್ತು, ಅಷ್ಟೆ.

"ಏನ್ ನೋಡ್ತಿ? ಮಾಲ ಕಲಸು," ಎಂದ ಸಾಹುಕಾರ.

ಕಲಸಿದಳು. ಮುಖದ ಕೆಲಸಕ್ಕೆ ಬಿಳಿ ಸಿಮೆಂಟಿಗೆ ಪಿಒಪಿ ಬೆರೆಸುತ್ತಾರೆ; ಒಂದು ಕಪ್ ಚಹಾ ಕುಡಿಯುವುದರೊಳಗೆ ಗಟ್ಟಿಯಾಗಿ ಹಿಡಿದುಬಿಡುತ್ತದೆ. ನೀರು ಹದವಾಗಿ ಹಾಕಿ, ಗಂಟಿಲ್ಲದ ಹಾಗೆ ತಿಕ್ಕಿ, ಬುಟ್ಟಿ ತುಂಬಿದಳು. ಬುಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತಳು.

"ಮ್ಯಾಲ ಕೊಡು," ಎಂದ ಸಾಹುಕಾರ.

ಅನ್ನವ್ವ ಬುಟ್ಟಿ ನೋಡುತ್ತಿದ್ದಳು. ಮಾಲಿನ ಹೊಳಪು ಮಾಸಿತು.

"ಕಿವಿ ಸತ್ತಾವೇನು ನಿಂದು? ಕೊಡು!"

"ಮಾಲ ಗಟ್ಟಿ ಹಿಡಕೊಂತ್ರಿ."

ಬುಟ್ಟಿ ಬೋರಲು ಹಾಕಿ ತಟ್ಟಿದಳು. ಬಿಳಿಯ ಗಡ್ಡೆಯೊಂದು ಇಡಿಯಾಗಿ ಕೆಳಗೆ ಕುಳಿತಿತು.

"ಮತ್ತ ಕಲಸು."

"ಹೂನ್ರಿ."

ಮತ್ತೆ ಕಲಸಿದಳು. ಅದೇ ಹದ. ಮತ್ತೆ ಮುಂದಿಟ್ಟುಕೊಂಡು ಕುಳಿತಳು. ಸಾಹುಕಾರ ಬೈದ. ಅವಳ ತಾಯಿಗೆ ಬೈದ, ಸತ್ತವನಿಗೆ ಬೈದ. ಎರಡನೆಯ ಗಡ್ಡೆ ಮೊದಲನೆಯದರ ಪಕ್ಕ ಕುಳಿತಿತು.

"ಸಾಬಾ, ಇಳದು ನೀನ ತಗೊಂಡು ಹೋಗಲೇ!"

ಸಿರಾಜುದ್ದೀನ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ. ಚಾಣ ತೊಡೆಯ ಮೇಲಿತ್ತು.

"ಗೌಂಡಿ ಕೈಗೆ ಮಾಲ ಬರಬೇಕ್ರಿ ಸಾವ್ಕಾರ್ರ. ಗೌಂಡಿ ಇಳದು ಮಾಲ ಹೊರೋದು ಪದ್ಧತಿ ಇಲ್ರಿ. ಬರಲಿ, ಕುಂತೇನಿ."

"ಏ ಶೀಲಾ! ನೀ ಕೊಡ ಬಾ."

ಉಸುಕು ಸೋಸುತ್ತಿದ್ದ ಶೀಲಾ ಅನ್ನವ್ವನ ಕಡೆ ನೋಡಿದಳು. ತನ್ನ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆಯೇ ಕುಳಿತು ತಂಬಾಕದ ಚೀಲ ಬಿಚ್ಚಿದಳು.

"ಗೇಟಿನ ಕೆಲಸ ಇವತ್ತಿಗೆ ಮರತುಬಿಡು," ಸಾಹುಕಾರ ಬಗ್ಗಿ ಅನ್ನವ್ವನ ಮುಖಕ್ಕೇ ಹೇಳಿದ. "ಕೇಳಸ್ತ? ಮರತುಬಿಡು."

"ಹೂನ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನು ಕೇಳಿ ಅವನು ಒಂದು ಹೆಜ್ಜೆ ಹಿಂದೆ ಸರಿದ. ಹಾನಗಲ್ಲಿನ ಯಾರಿಗೋ ಫೋನು ಹಚ್ಚಿ, ಈಗಿಂದೀಗ ಆಳು ಕಳಿಸು ಎಂದು ಒದರತೊಡಗಿದ. ಅಯ್ಯನವರು ಕಾರಿನಲ್ಲಿ ಕುಳಿತು ಬಾಗಿಲು ಎಳೆದುಕೊಂಡರು.

ವೀರವ್ವ ಚೆಲ್ಲಿದ ಅನ್ನವನ್ನು ಒಂದೊಂದೇ ಅಗುಳು ಆರಿಸುತ್ತಿದ್ದಳು. ಮೇಲೆ ಉಳಿವೆಪ್ಪ ಅರ್ಧ ಮುಖದಲ್ಲಿ, ಮುಚ್ಚಿದ ಒಂದೇ ಕಣ್ಣಿನಲ್ಲಿ, ಹೊರೆ ಹೊತ್ತು ನಿಂತಿದ್ದ. ಅನ್ನವ್ವನ ಬುಟ್ಟಿಯೊಳಗಿನದು ಮತ್ತೆ ಕಲ್ಲಾಯಿತು. ಅದನ್ನು ತಟ್ಟಿ ಕೆಡವಿ, ಹೊಸ ಸಿಮೆಂಟಿನ ಚೀಲವನ್ನು ಎಳೆದುಕೊಂಡು, ಹೊಲಿಗೆಯ ದಾರವನ್ನು ಹಲ್ಲಿನಿಂದ ಕಡಿದಳು.