ಶೆಟ್ಟರ ಅಡ್ಡದನಿ

ಧನುರ್ಮಾಸದ ಬೆಳಗಿನಲ್ಲಿ ನಮ್ಮ ಬೀದಿಯ ತಿರುವಿನಲ್ಲಿ ಮೊದಲು ಕಾಣುತ್ತಿದ್ದುದು ಒಂದು ಲಾಂದ್ರ. ಮಂಜು ಎಷ್ಟು ದಟ್ಟವಾಗಿರುತ್ತಿತ್ತೆಂದರೆ ಅದನ್ನು ಹಿಡಿದವರು ಯಾರೆಂದು ತಿಳಿಯುತ್ತಿರಲಿಲ್ಲ. ಬೆಳಕೊಂದೇ ಸೊಂಟದೆತ್ತರದಲ್ಲಿ ತೂಗಾಡುತ್ತ ಬರುತ್ತಿತ್ತು. ಅದರ ಹಿಂದೆ ತಾಳ, ತಾಳದ ಹಿಂದೆ ಹಾಡು. ಹೊಸದಾಗಿ ಮದುವೆಯಾಗಿ ಆ ಊರಿಗೆ ಬಂದಿದ್ದ ನಾನು ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಟ್ಟಲು ಹಿಡಿದು, ಚಳಿಗೆ ಹಲ್ಲು ಕಟಕಟಿಸುತ್ತ ನಿಂತಿರುತ್ತಿದ್ದೆ. ಭಜನೆಯವರು ಬರುವುದರೊಳಗೆ ರಂಗೋಲಿ ಮುಗಿದಿರಬೇಕು ಎಂಬುದು ಬೀದಿಯ ಕಟ್ಟಳೆ. ಆ ಊರಿನಲ್ಲಿ ಕಟ್ಟಳೆಗಳಿಗೇನು ಬರ? ಯಾವ ಹಬ್ಬಕ್ಕೆ ಯಾವ ಪಲ್ಯ ಎಂಬುದರಿಂದ ಹಿಡಿದು ಭಜನೆಯಲ್ಲಿ ಯಾರು ಯಾರ ಹಿಂದೆ ನಡೆಯಬೇಕು ಎಂಬುದರವರೆಗೆ ಎಲ್ಲವೂ ಹಿರಿಯರ ಕಾಲದಲ್ಲೇ ನಿಗದಿಯಾಗಿಹೋಗಿತ್ತು.

ವರ್ಷವಿಡೀ ಶನಿವಾರ ಶನಿವಾರ, ಧನುರ್ಮಾಸದಲ್ಲಿ ಮಾತ್ರ ದಿನವೂ, ಭಜನೆಯವರು ಬೀದಿ ಬೀದಿ ಸುತ್ತುತ್ತಿದ್ದರು. ಕೊರಳಿಗೆ ಹಾರ್ಮೋನಿಯಂ ಕಟ್ಟಿಕೊಂಡು ನಮ್ಮ ಯಜಮಾನರೂ ಹೋಗುತ್ತಿದ್ದರು. ಅವರೆಲ್ಲ ಸೇರಿ ಹಾಡಿದರೆ ಯಾರ ದನಿ ಯಾವುದೆಂದು ಹೆತ್ತ ತಾಯಿಗೂ ಗೊತ್ತಾಗುತ್ತಿರಲಿಲ್ಲ; ಅಷ್ಟು ಹದವಾಗಿ ಬೆರೆತಿರುತ್ತಿತ್ತು. ಒಂದನ್ನು ಬಿಟ್ಟು. ಅದು ನಮ್ಮ ಪಕ್ಕದ ಮನೆಯ ಕೋದಂಡ ಶೆಟ್ಟರ ದನಿ.

ಶೆಟ್ಟರದು ಪೇಟೆಯಲ್ಲಿ ಗ್ರಂಥಿಗೆ ಅಂಗಡಿ. ಅರಿಸಿನ, ಕುಂಕುಮ, ಬಜೆ, ಹಿಪ್ಪಲಿ ಮಾರಿಕೊಂಡು, ಯಾರ ತಂಟೆಗೂ ಹೋಗದ ಮನುಷ್ಯ. ಆದರೆ ಹಾಡಲು ಬಾಯಿ ತೆರೆದರೆ ಮುಗಿಯಿತು. ಎಲ್ಲರೂ ಏರಿದಾಗ ಅವರು ಇಳಿಯುತ್ತಿದ್ದರು. ಎಲ್ಲರೂ ನಿಂತ ಮೇಲೂ ಅವರೊಬ್ಬರೇ ಇನ್ನಷ್ಟು ದೂರ ಹೋಗಿ, ತಿರುಗಿ ನೋಡಿ, ಸಾವಕಾಶವಾಗಿ ವಾಪಸು ಬರುತ್ತಿದ್ದರು. ಅದೂ ಮೆಲ್ಲಗಲ್ಲ. ಬೇರೆ ಬೀದಿಗಳಲ್ಲಿ ಹೇಗೋ ಏನೋ, ನಮ್ಮ ಬೀದಿಗೆ ಬಂದರೆ ಊರಿನ ಹೆಂಚೆಲ್ಲ ಹಾರಿಹೋಗಲಿ ಎನ್ನುವಂತೆ ಗಂಟಲು ಎತ್ತುತ್ತಿದ್ದರು. "ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ" ಎಂದು ಎದುರು ಮನೆಯವರು ನಗುತ್ತಿದ್ದರು. ನಾನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ತಮ್ಮ ಮನೆಯ ಮುಂದೆ ಜಂಬ ಕೊಚ್ಚಿಕೊಳ್ಳುತ್ತಾರೆ ಎಂದೇ ನಾನು ಎಣಿಸಿದ್ದು.

ಅವರ ಹೆಂಡತಿ ತಾಯಾರಮ್ಮನವರು ಹೊರಗೆ ಬರುತ್ತಿರಲಿಲ್ಲ. ಮಂಡಿನೋವು ಎಂದು ಶೆಟ್ಟರು ಹೇಳುತ್ತಿದ್ದರು. ಮಕ್ಕಳಿರಲಿಲ್ಲ. ಅಡಿಗೆಯನ್ನೂ ಶೆಟ್ಟರೇ ಮಾಡಿಟ್ಟು ಅಂಗಡಿಗೆ ಹೋಗುತ್ತಾರೆಂದು ಬೀದಿಯಲ್ಲಿ ಆಗಾಗ ಕೊಂಕು ಮಾತು ಬರುತ್ತಿತ್ತು.

ಮುಂದಿನ ಧನುರ್ಮಾಸಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ, ಒಂದು ಶುಕ್ರವಾರ ಮಧ್ಯಾಹ್ನ ಹಾಲಿಗೆ ಹೆಪ್ಪು ಕೇಳಲು ಆ ಮನೆಗೆ ಹೋದೆ. ಬಾಗಿಲು ಓರೆ ಮಾಡಿತ್ತು. ಒಳಗೆ ಶೆಟ್ಟರು ಅನ್ನದ ತಟ್ಟೆ ಹಿಡಿದು ಹೆಂಡತಿಯ ಮುಂದೆ ಕುಳಿತಿದ್ದರು. ತಾಯಾರಮ್ಮನವರು ಸೆರಗನ್ನು ಹೆಗಲ ತುಂಬ ಎಳೆದುಕೊಂಡು, ಗಂಭೀರವಾಗಿ ಹೇಳುತ್ತಿದ್ದರು:

"ಯಾರಪ್ಪಾ ನೀನು? ಮನೇಲಿ ಗಂಡಸರಿಲ್ಲ. ನಮ್ಮೋರು ಬಂದಮೇಲೆ ಬಾ."

"ಆಗಲಿ ತಾಯಿ. ಊಟ ಇಲ್ಲಿಟ್ಟು ಹೋಗ್ತೀನಿ. ನೀವು ಉಣ್ಣಿ," ಎಂದರು ಶೆಟ್ಟರು. ದನಿಯಲ್ಲಿ ಬೇಸರವಿರಲಿಲ್ಲ. ದಿನವೂ ಆಡಿ ಆಡಿ ನಯವಾದ ಮಾತು ಅದು.

ಎದ್ದು ತಿರುಗಿದವರು ನನ್ನನ್ನು ಕಂಡರು. ಹಿತ್ತಿಲಿಗೆ ಕರೆದುಕೊಂಡು ಹೋಗಿ, ತುಳಸಿಕಟ್ಟೆಯ ಹತ್ತಿರ ನಿಂತು, ಹೆಗಲ ವಲ್ಲಿಯಿಂದ ಮುಖ ಒರೆಸಿಕೊಂಡರು.

"ನೋಡಿಬಿಟ್ಟೆಯಲ್ಲಮ್ಮ. ಮರೆವು. ಎರಡು ವರ್ಷದಿಂದ ಹೀಗೇ. ಮೊದಲು ಉಪ್ಪು ಹಾಕಿದ್ದು ಮರೀತಿದ್ದಳು, ಆಮೇಲೆ ದಾರಿ ಮರೆತಳು, ಈಗ ನಾನು."

"ಯಾರಿಗೂ ಹೇಳಿಲ್ಲವಾ ಶೆಟ್ಟರೇ?"

"ಹೇಳಿದರೆ ಊರು ಅವಳನ್ನ ಹುಚ್ಚಿ ಅನ್ನುತ್ತೆ. ಈ ಬೀದಿಗೆಲ್ಲ ಹಸೆಹಾಡು ಕಲಿಸಿದೋಳು ಅವಳು. ಕಿಟಕಿ ಹತ್ತಿರ ನಿಂತು ಇಣುಕ್ತಾರೆ. ಬೇಡ ಕಣಮ್ಮ. ನೀನೂ ಯಾರಿಗೂ ಹೇಳಬೇಡ, ನಿನ್ನ ಯಜಮಾನರಿಗೂ." ಆಮೇಲೆ ಮುಖ ಅರಳಿಸಿಕೊಂಡು ಹೇಳಿದರು: "ನಾಳೆ ಶನಿವಾರ. ಬೆಳಿಗ್ಗೆ ನಾನು ಭಜನೆಗೆ ಹೋದಮೇಲೆ ಬಂದು ಅವಳ ಹತ್ತಿರ ಕೂತಿರು. ಅವಳನ್ನ ನೀನು ಸರಿಯಾಗಿ ನೋಡೇ ಇಲ್ಲ."

ಹೋದೆ. ತಾಯಾರಮ್ಮನವರು ಕಿಟಕಿಯ ಪಕ್ಕ ಮಣೆಯ ಮೇಲೆ ಕುಳಿತಿದ್ದರು. ನಾನು ಯಾರೆಂದು ಕೇಳಲೂ ಇಲ್ಲ. ತಿರುವಿನಲ್ಲಿ ಲಾಂದ್ರ ಕಾಣಿಸಿತು. ತಾಳ ಬಂತು, ಹಾಡು ಬಂತು. ಎಲ್ಲರ ದನಿಯೂ ಒಂದಾಗಿ ಹರಿದು ಬರುತ್ತಿದ್ದ ಆ ಹಾಡಿನ ನಡುವೆ, ಒಂದು ಸಾಲಿನ ಕೊನೆಯಲ್ಲಿ, ಶೆಟ್ಟರು ಎಂದಿನಂತೆ ಅಡ್ಡ ಹೊರಟರು. ತಾಯಾರಮ್ಮನವರ ಮುಖದಲ್ಲಿ ಯಾರೋ ದೀಪ ಹಚ್ಚಿದಂತಾಯಿತು.

"ಬಂದ್ರು ನಮ್ಮೋರು," ಎಂದರು. "ಕೇಳಿಸ್ತಾ? ಆ ಅಡ್ಡಡ್ಡ ಹೋಗ್ತಿದೆಯಲ್ಲ, ಅದೇ. ಮದುವೆಯಾದಾಗಿಂದ ಹೇಳ್ತಿದ್ದೀನಿ, ಎಲ್ಲರ ಜೊತೆ ಹೋಗ್ರೀ ಅಂತ. ಕೇಳಿದರೆ ತಾನೆ?" ಆಮೇಲೆ ನನ್ನ ಕಡೆ ತಿರುಗಿ, "ನೀನು ಪಕ್ಕದ ಮನೆ ಹೊಸ ಸೊಸೆ ಅಲ್ವಾ? ಚಳಿಗೆ ನಡುಗ್ತಿದ್ದೀಯಲ್ಲೇ, ಒಲೆ ಹತ್ರ ಹೋಗು," ಎಂದರು.

ಶೆಟ್ಟರು ಮನೆಗೆ ಬಂದಾಗ ಆಕೆಯೇ ಬಾಗಿಲು ತೆರೆದರು. ಮಂಜಿನಲ್ಲಿ ತಲೆಗೆ ಏನೂ ಸುತ್ತಿಕೊಳ್ಳದೆ ಹೋದದ್ದಕ್ಕೆ ಬೈದರು. ಕಾಫಿಗೆ ಇಟ್ಟರು. ನಾನು ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ಬೈಸಿಕೊಳ್ಳುತ್ತಿದ್ದ ಆ ಮನುಷ್ಯನ ಸುಖವನ್ನು ನಾನು ಯಾವ ಮದುಮಗನ ಮುಖದಲ್ಲೂ ಕಂಡಿಲ್ಲ. ಬಿಸಿಲೇರುವವರೆಗೆ ಹೀಗೆ. ಆಮೇಲೆ ನಿಧಾನವಾಗಿ ಆಕೆಯ ಕಣ್ಣುಗಳು ಮತ್ತೆ ಎಲ್ಲೋ ಹೋಗಿಬಿಟ್ಟವು.

"ವಾರಕ್ಕೊಂದು ಬೆಳಿಗ್ಗೆ ಸಿಗ್ತಾಳೆ," ಎಂದರು ಶೆಟ್ಟರು ಬಾಗಿಲವರೆಗೆ ಬಂದು. "ಧನುರ್ಮಾಸ ಬಂದರೆ ತಿಂಗಳು ಪೂರ್ತಿ, ದಿನಾ. ವರ್ಷವೆಲ್ಲ ಅದಕ್ಕೇ ಕಾಯ್ತೀನಿ ನಾನು."

ಅಂದಿನಿಂದ ನಾನು ನಗುವುದನ್ನು ಬಿಟ್ಟೆ. ಎದುರು ಮನೆಯವರು ನಕ್ಕರೆ ಮೈಯುರಿಯುತ್ತಿತ್ತು, ಮಾತು ಕೊಟ್ಟದ್ದರಿಂದ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ.

ಆ ವರ್ಷ ಭಜನೆಯ ಹಿರಿತನ ಪ್ರಹ್ಲಾದ ರಾಯರಿಗೆ ಬಂತು. ರಾಯರು ಕೆಟ್ಟವರಲ್ಲ. ಶ್ರುತಿ ತಪ್ಪಿದರೆ ಅವರಿಗೆ ನಿಜಕ್ಕೂ ಊಟ ಸೇರುತ್ತಿರಲಿಲ್ಲ. ಧನುರ್ಮಾಸದ ಕೊನೆಯ ಏಕಾದಶಿಯ ದಿನ ಸ್ವಾಮಿಗಳ ಮುಂದೆ ಹಾಡಲು ನಮ್ಮ ಊರಿನ ಭಜನೆಯವರಿಗೆ ಮಠದಿಂದ ಹೇಳಿಕಳಿಸಿದ್ದರು. ಹಿಂದೆಂದೂ ಸಿಗದ ಮರ್ಯಾದೆ. ಧನುರ್ಮಾಸದ ಹಿಂದಿನ ದಿನ ಎಲ್ಲರೂ ನಮ್ಮ ಮನೆಯ ಪಡಸಾಲೆಯಲ್ಲಿ ಸೇರಿದ್ದರು. ನಾನು ಪಾನಕ ತೆಗೆದುಕೊಂಡು ಹೋದಾಗ ರಾಯರು ಶೆಟ್ಟರ ಮುಂದೆ ಕೈ ಜೋಡಿಸಿಕೊಂಡು ಕುಳಿತಿದ್ದರು.

"ತಪ್ಪು ತಿಳಿಯಬೇಡಿ ಶೆಟ್ಟರೇ. ದೇವರ ಮುಂದೆ ಹೋಗೋ ಹಾಡು ಒಂದೇ ದನಿಯಾಗಿರಬೇಕು. ನೀವು ಬನ್ನಿ, ನಿಮ್ಮ ಜಾಗ ನಿಮ್ಮದೇ. ತಾಳ ಹಾಕಿ, ತುಟಿ ಆಡಿಸಿ. ದನಿ ಮಾತ್ರ ಬೇಡ. ಈ ತಿಂಗಳು ರೂಢಿಯಾದರೆ ಅಲ್ಲಿ ಸಲೀಸಾಗುತ್ತೆ."

ಶೆಟ್ಟರು ಪಾನಕದ ಲೋಟವನ್ನು ಕೆಳಗಿಟ್ಟರು. "ಎಲ್ಲ ಕಡೆ ಸುಮ್ಮನಿರ್ತೀನಿ ರಾಯರೇ. ನಮ್ಮ ಬೀದಿ ಒಂದರಲ್ಲಿ ಹಾಡೋಕೆ ಬಿಡಿ."

ಯಾರೋ ಕಿಸಕ್ಕೆಂದರು. "ನಿಮ್ಮ ಬೀದಿಯಲ್ಲೇ ಜನ ಹೆಚ್ಚು ನಗೋದು," ಎಂದರು ರಾಯರು, ಮೆತ್ತಗೆ. "ಹತ್ತು ಜನರ ಜೊತೆ ಹತ್ತು ಜನರ ಹಾಗೆ ಇರೋದು ಅಷ್ಟು ಕಷ್ಟವಾ?"

ಶೆಟ್ಟರು ನನ್ನ ಕಡೆ ಒಮ್ಮೆ ನೋಡಿದರು. ಹೇಳಿಬಿಡಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವರು ತಲೆ ತಗ್ಗಿಸಿ, "ಆಗಲಿ," ಎಂದರು.

ಧನುರ್ಮಾಸ ಹುಟ್ಟಿತು. ಲಾಂದ್ರ ತಿರುವಿನಲ್ಲಿ ಎಂದಿನಂತೆ ಬಂತು. ಹಾಡು ಎಷ್ಟು ಚೆನ್ನಾಗಿತ್ತೆಂದರೆ ಎದುರು ಮನೆಯವರು ಕೈಮುಗಿದು ನಿಂತರು. ನಾನು ಬೇಗ ಬೇಗ ರಂಗೋಲಿ ಗೀಚಿ ತಾಯಾರಮ್ಮನವರ ಹತ್ತಿರ ಓಡಿದೆ. ಆಕೆ ಕಿಟಕಿಗೆ ಕಿವಿ ಕೊಟ್ಟು, ಹಾಡು ಬಂದು, ಹಾಡು ದಾಟಿ, ಹಾಡು ಮರೆಯಾಗುವವರೆಗೆ ಕಾದರು. "ನಮ್ಮೋರು ಇವತ್ತು ಹೋಗಲಿಲ್ವಾ?" ಎಂದರು. ಶೆಟ್ಟರು ಮನೆಗೆ ಬಂದಾಗ, "ಯಾರಪ್ಪಾ?" ಎಂದರು. ಮಾರನೆಯ ದಿನವೂ ಅಷ್ಟೇ, ಅದರ ಮಾರನೆಯ ದಿನವೂ ಅಷ್ಟೇ.

"ಮನೆಯಲ್ಲೇ ಹಾಡಿ ಶೆಟ್ಟರೇ," ಎಂದೆ ನಾನು, ತಡೆಯಲಾರದೆ.

ಅವರು ಹಾಡಿದರು. ನಡುಮನೆಯಲ್ಲಿ ನಿಂತು, ಕಣ್ಣು ಮುಚ್ಚಿ, ಗಂಟಲು ಬಿಚ್ಚಿ. ತಾಯಾರಮ್ಮನವರು ಸ್ವಲ್ಪ ಹೊತ್ತು ಕೇಳಿ, ನನ್ನ ಕೈ ಮುಟ್ಟಿ ಹೇಳಿದರು: "ಯಾರೋ ದಾಸಯ್ಯ ಬಂದಿದ್ದಾನೆ. ಪಾಪ, ವಯಸ್ಸಾದೋನು. ಒಂದು ಹಿಡಿ ಅಕ್ಕಿ ಹಾಕಮ್ಮ."

ನಾನು ಅಕ್ಕಿ ತಂದೆ. ಏನು ಮಾಡಲಿ? ಶೆಟ್ಟರು ತಮ್ಮ ಮನೆಯ ಅಕ್ಕಿಯನ್ನು ತಮ್ಮ ವಲ್ಲಿಯಲ್ಲೇ ಹಾಕಿಸಿಕೊಂಡು, ಆಕೆಗೆ ಕೈಮುಗಿದು ಹಿತ್ತಿಲಿಗೆ ಹೋದರು. ನಾನು ಅಳುತ್ತಿದ್ದರೆ ನನ್ನನ್ನೇ ಸಮಾಧಾನ ಮಾಡಿದರು.

"ಒಬ್ಬನೇ ಹಾಡಿದರೆ ಯಾರ ದನಿಯೋ ಏನೋ, ಹೇಗೆ ಗೊತ್ತಾಗಬೇಕಮ್ಮ ಅವಳಿಗೆ? ಅಷ್ಟು ಜನರ ನಡುವೆ ತಪ್ಪಿದರೆ ತಾನೆ ಅದು ನಾನು?"

"ಹಾಗಾದರೆ ನಾಳೆ ತಪ್ಪಿ. ರಾಯರು ಏನು ನುಂಗಿಬಿಡ್ತಾರಾ?"

"ಮಾತು ಕೊಟ್ಟಿದ್ದೀನಲ್ಲ," ಎಂದರು. ಆ ಊರಿನವರು ಹೀಗೆಯೇ. ಕಟ್ಟಳೆ ಮುರಿಯಲೂ ಕಟ್ಟಳೆಯೇ ಬೇಕು ಅವರಿಗೆ.

ಮರುದಿನ ನಾನು ರಂಗೋಲಿಯ ಎಳೆ ಎಳೆಯುತ್ತಿದ್ದಾಗ ಪಕ್ಕದ ಮನೆಯ ಬಾಗಿಲು ಕಿರ್ರೆಂದಿತು. ತಾಯಾರಮ್ಮನವರು ಬರಿಗಾಲಿನಲ್ಲಿ, ಬಿಚ್ಚಿದ ಜಡೆಯಲ್ಲಿ, ಕೈಯಲ್ಲಿ ಶೆಟ್ಟರ ಉಣ್ಣೆಯ ಶಾಲು ಹಿಡಿದು ಬೀದಿಗೆ ಇಳಿದರು. ನಾನು ಬಟ್ಟಲು ಬಿಸಾಡಿ ಹಿಂದೆ ಓಡುವಷ್ಟರಲ್ಲಿ ಆಕೆ ಭಜನೆಯವರ ನಡುವೆ ನುಗ್ಗಿಯಾಗಿತ್ತು. ಹಾಡು ಒಬ್ಬೊಬ್ಬರ ಬಾಯಲ್ಲಿ ಕಡಿದು ನಿಂತಿತು. ಆಕೆ ಲಾಂದ್ರದ ಬೆಳಕಿನಲ್ಲಿ ಒಬ್ಬೊಬ್ಬರ ಮುಖವನ್ನೂ ಹತ್ತಿರ ಹೋಗಿ ನೋಡಿದರು. ನಮ್ಮ ಯಜಮಾನರನ್ನು ನೋಡಿ, ಮುಂದೆ ಹೋದರು. ಶೆಟ್ಟರ ಮುಂದೆ ನಿಂತರು. ಅವರ ಮುಖವನ್ನೂ ಎಲ್ಲರದರಷ್ಟೇ ಹೊತ್ತು ನೋಡಿ, ಮುಂದೆ ಹೋದರು.

ಕೊನೆಗೆ ರಾಯರ ಹತ್ತಿರ ಬಂದು ಕೇಳಿದರು: "ನಮ್ಮೋರನ್ನ ಎಲ್ಲಿ ಬಿಟ್ಟು ಬಂದ್ರಿ?"

ರಾಯರಿಗೆ ಏನೂ ತಿಳಿಯಲಿಲ್ಲ. "ಶೆಟ್ಟರು ಇಲ್ಲೇ ಇದ್ದಾರಲ್ಲಮ್ಮ," ಎಂದು ಕೈ ತೋರಿಸಿದರು.

"ಇವರಲ್ಲ," ಎಂದರು ಆಕೆ, ತಾಳ್ಮೆಯಿಂದ. "ನಿಮ್ಮ ಜೊತೆ ಒಬ್ಬರು ಅಡ್ಡಡ್ಡ ಹಾಡ್ತಾರಲ್ಲ, ಅವರು. ಮಂಜಿನಲ್ಲಿ ಹಿಂದೆ ಉಳಿದುಬಿಟ್ಟರೋ ಏನೋ. ಒಬ್ಬರನ್ನೇ ಬಿಟ್ಟು ಬಂದ್ರಾ? ಶಾಲೂ ತಗೊಂಡು ಹೋಗಿಲ್ಲ ಅವರು."

ಎದುರು ಮನೆಯವರು ಬಾಗಿಲಲ್ಲಿ ನಿಂತಿದ್ದರು, ಅವರೂ ನಗಲಿಲ್ಲ. ಶೆಟ್ಟರು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದರು. ಇಷ್ಟು ದಿನ ಕಾಪಾಡಿದ ಹೆಂಡತಿಯ ಮಾನ ಬೀದಿಯಲ್ಲಿ ಬಿದ್ದಿತ್ತು. ಆದರೆ ಅದನ್ನು ತುಳಿಯುವವರು ಅಲ್ಲಿ ಯಾರೂ ಇರಲಿಲ್ಲ. ಆ ಅಡ್ಡದನಿಯೇ ಆಕೆಗೆ ಗಂಡನ ಗುರುತೆಂದು ಮೊದಲು ಕಂಡುಕೊಂಡವರು ರಾಯರೇ ಇರಬೇಕು.

"ಹಾಡಿ ಶೆಟ್ಟರೇ," ಎಂದರು.

ಶೆಟ್ಟರು ಬಾಯಿ ತೆರೆದರು. ದನಿ ಬರಲಿಲ್ಲ. ಮತ್ತೆ ತೆರೆದರು. ಅಳು ಬಂತೇ ಹೊರತು ಹಾಡು ಬರಲಿಲ್ಲ. ತಾಯಾರಮ್ಮನವರು ಆಗಲೇ ತಿರುವಿನ ಕಡೆ ಹೆಜ್ಜೆ ಹಾಕಿದ್ದರು, ಹಿಂದೆ ಉಳಿದವರನ್ನು ಹುಡುಕಲು.

ಆಗ ರಾಯರು ತಾವೇ ಎತ್ತಿಕೊಂಡರು. ಒಂದು ಸಾಲು ಒಬ್ಬರೇ ಹಾಡಿದರು; ಎರಡನೆಯ ಸಾಲಿಗೆ ನಮ್ಮ ಯಜಮಾನರ ಹಾರ್ಮೋನಿಯಂ ಸೇರಿತು, ಆಮೇಲೆ ಎಲ್ಲರೂ. ಎಲ್ಲರೂ ಏರುವ ಜಾಗ ಬಂತು. ಏರಿದರು. ಆ ಏರಿನ ಮಧ್ಯದಲ್ಲಿ ಎಲ್ಲಿಂದಲೋ ಒಡಕು ದನಿಯೊಂದು ಹೊರಟು, ಮೆಟ್ಟಿಲು ತಪ್ಪಿ, ಅಡ್ಡ ಇಳಿಯಿತು.

ತಾಯಾರಮ್ಮನವರು ನಿಂತರು. ತಿರುಗಿದರು. ನೇರವಾಗಿ ಶೆಟ್ಟರ ಹತ್ತಿರ ನಡೆದು ಬಂದು, ಶಾಲನ್ನು ಕೊಡವಿ, ಅವರ ಹೆಗಲಿಗೆ ಹೊದಿಸಿದರು.

"ಎಲ್ಲಿದ್ರೀ ಇಷ್ಟು ದಿನ?" ಎಂದರು. "ನಡೀರಿ ಮನೆಗೆ."

ಶೆಟ್ಟರು ಹಾಡು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಆಕೆ ಹೋಗಿಬಿಡುತ್ತಾರೆಂಬ ಭಯವಿರಬೇಕು. ಆಕೆ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರೆ ಇವರು ಹಾಡುತ್ತಲೇ ಹೋದರು. ಹೊಸಿಲು ದಾಟಿದರು. ಬಾಗಿಲು ಮುಚ್ಚಿತು. ಒಳಗಿನಿಂದ ಪಾತ್ರೆಯ ಸದ್ದು, ಆಕೆ ಏನೋ ಗದರುವ ಸದ್ದು, ಅದರ ನಡುವೆ ಆ ಹಾಡು.

ಹೊರಗೆ ಎಲ್ಲರೂ ಒಬ್ಬೊಬ್ಬರಾಗಿ ದನಿ ತಗ್ಗಿಸಿ ಸುಮ್ಮನಾದರು, ಆದರೆ ಯಾರೂ ಮುಂದೆ ಹೋಗಲಿಲ್ಲ. ರಾಯರು ಮುಚ್ಚಿದ ಬಾಗಿಲ ಕಡೆ ಕಿವಿ ತಿರುಗಿಸಿ, ತಾಳವನ್ನು ಎದೆಯ ಹತ್ತಿರ ಹಿಡಿದು ನಿಂತಿದ್ದರು. ಒಳಗೆ ಶೆಟ್ಟರು ದನಿ ಎಳೆದಾಗ ಅವರ ತಾಳ ಕಾಯಿತು, ಶೆಟ್ಟರು ಓಡಿದಾಗ ತಾಳವೂ ಓಡಿತು. ಅವರ ಪಕ್ಕದಲ್ಲಿ ಉಳಿದವರೂ, ಮಂಜಿನಲ್ಲಿ ತಲೆ ಬಾಗಿಸಿ, ಆ ತಪ್ಪು ಲಯಕ್ಕೆ ಮೆಲ್ಲಗೆ ತಾಳ ಹಾಕುತ್ತಿದ್ದರು.